ಹುಲ್ಲು, ಹಿಮ, ಮರಳು: ನೆಲ ಅಂದರೆ ಇಷ್ಟೇನಾ?

ಟವರ್ ಡಿಫೆನ್ಸ್ ಗೇಮ್ ಆಡದವರಿಗೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ಒಂದು ದಾರಿ ಇರುತ್ತದೆ, ಅದರಲ್ಲಿ ರಾಕ್ಷಸರು ಅಲೆ ಅಲೆಯಾಗಿ ಬರುತ್ತಾರೆ. ಅವರು ಊರಬಾಗಿಲು ಮುಟ್ಟುವ ಮೊದಲೇ ದಾರಿಯ ಪಕ್ಕ ಬುರುಜು ಕಟ್ಟಿ ಹೊಡೆದುರುಳಿಸಬೇಕು. ಸಂಜೆ ಆರು ಗಂಟೆಗೆ ನಾಯಂಡಹಳ್ಳಿ ಜಂಕ್ಷನ್ ನೋಡಿದವರಿಗೆ ‘ಅಲೆ’ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಆಟಗಳಲ್ಲಿ ಹಂತಗಳ ಪರಿಸರವನ್ನು ವಿಂಗಡಿಸುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮಂಥ ಬಿಇ ವಿದ್ಯಾರ್ಥಿಗಳು ಮಿನಿ ಪ್ರಾಜೆಕ್ಟ್‌ಗೆ ಗೇಮ್ ಮಾಡಲು ಕೂತರೆ ಮೊದಲು ಮಾಡುವ ಕೆಲಸ ಉಚಿತವಾಗಿ ಸಿಗುವ ಚಿತ್ರಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವುದು. ಒಳಗೆ ಮೂರು ಫೋಲ್ಡರ್: ಹುಲ್ಲು, ಹಿಮ, ಮರಳುಗಾಡು. ಕೋಡ್‌ನಲ್ಲೂ ಅವೇ ಮೂರು ಹೆಸರು ಬಂದು ಕೂರುತ್ತವೆ. ನಮ್ಮ ನಾಲ್ವರ ತಂಡದಲ್ಲಿ ಫ್ರಿಜ್‌ನ ಫ್ರೀಜರ್ ಬಿಟ್ಟರೆ ಬೇರೆಲ್ಲೂ ಹಿಮ ಕಂಡವರಿಲ್ಲ. ಆದರೂ ಆಟದ ಮಧ್ಯಕ್ಕೆ ಬಂದರೆ ಹಿಮ ಬೀಳಲೇಬೇಕು!

ಹಿಮ ಹೊರದೇಶದ್ದು ಅನ್ನುವುದು ನನ್ನ ದೂರಲ್ಲ. ಹಿಮ ಬಿದ್ದ ಮೇಲೂ ಏನೂ ಆಗುವುದಿಲ್ಲ ಅನ್ನುವುದು ದೂರು. ಉರುಗ್ವೆಯ ಐರನ್‌ಹೈಡ್ ಸಂಸ್ಥೆ 2011ರಲ್ಲಿ ತಂದ ‘ಕಿಂಗ್‌ಡಮ್ ರಶ್’ ಈ ಬಗೆಯ ಆಟಗಳಲ್ಲಿ ಬಹಳ ಒಳ್ಳೆಯದು, ನಾನೂ ಅದರ ಅಭಿಮಾನಿ. ಹಸಿರು ಬಯಲಿನಿಂದ ಹಿಮದ ಕಣಿವೆಗೆ, ಅಲ್ಲಿಂದ ಸುಟ್ಟುಹೋದ ನೆಲಕ್ಕೆ ಕಥೆ ಸಾಗುತ್ತದೆ. ಶತ್ರುಗಳು ಬದಲಾಗುತ್ತಾರೆ, ಬಣ್ಣ ಬದಲಾಗುತ್ತದೆ. ಆದರೆ ಹಿಮದಲ್ಲಿ ಸೈನಿಕನ ಕಾಲು ಹೂತುಹೋಗುವುದಿಲ್ಲ, ಬಿಲ್ಲುಗಾರನ ಕೈ ಮರಗಟ್ಟುವುದಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2009ರಲ್ಲಿ ಬಂದ ‘ಪ್ಲಾಂಟ್ಸ್ ವರ್ಸಸ್ ಜಾಂಬೀಸ್’ ನೋಡಿ. ಇಡೀ ಆಟ ನಡೆಯುವುದು ಒಂದೇ ಮನೆಯ ಸುತ್ತ: ಹಗಲು, ರಾತ್ರಿ, ಈಜುಕೊಳ, ಮಂಜು, ಚಾವಣಿ. ರಾತ್ರಿ ಆಕಾಶದಿಂದ ಬಿಸಿಲು ಉದುರುವುದಿಲ್ಲ, ಹಾಗಾಗಿ ಅಣಬೆ ನೆಟ್ಟು ಕಡಿಮೆ ಖರ್ಚಿನಲ್ಲಿ ಸುಧಾರಿಸಬೇಕು. ಕೊಳದಲ್ಲಿ ಮೊದಲು ತೇಲುವ ಎಲೆ ಹಾಸಬೇಕು. ಮಂಜಿನಲ್ಲಿ ಶತ್ರು ಕಾಣುವುದೇ ಇಲ್ಲ. ಚಾವಣಿಯ ಇಳಿಜಾರಿನಲ್ಲಿ ನೇರವಾಗಿ ಹೊಡೆಯುವ ಬಟಾಣಿ ಗಿಡ ಕೆಲಸಕ್ಕೆ ಬಾರದು. ಪರದೆಯ ಬಣ್ಣ ಪೂರ್ತಿ ತೆಗೆದು ಕಪ್ಪು ಬಿಳುಪು ಮಾಡಿದರೂ ಯಾವ ಹಂತದಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ನನ್ನ ಪ್ರಕಾರ ಪರೀಕ್ಷೆ ಇದೊಂದೇ. ಬಣ್ಣ ತೆಗೆದ ಮೇಲೆ ಉಳಿಯದ ವಿಂಗಡಣೆ ವಿಂಗಡಣೆಯಲ್ಲ, ವಾಲ್‌ಪೇಪರ್.

ನೆಲವನ್ನು ಅದರ ಕೆಲಸ ನೋಡಿ ವಿಂಗಡಿಸುವುದು ನಮಗೆ ಹೊಸದೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಸಿಕ್ಕ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗಗಳು ನಾಲ್ಕು: ನೀರಿನದು, ಬೆಟ್ಟದ್ದು, ಮರುಭೂಮಿಯದು, ಕಾಡಿನದು. ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ನೀರು ಮತ್ತು ಬೆಟ್ಟದ ಕೋಟೆ ನಾಡಿನ ಜನರನ್ನು ಕಾಯುವುದಕ್ಕೆ, ಮರುಭೂಮಿ ಮತ್ತು ಕಾಡಿನ ಕೋಟೆ ಕಾಡಿನವರಿಗೆ ಅಥವಾ ಆಪತ್ತಿನಲ್ಲಿ ಹಿಂದೆ ಸರಿಯುವುದಕ್ಕೆ ಎಂದು ಬಳಕೆಯನ್ನೂ ಹೇಳುತ್ತದೆ. ಇದನ್ನು ಓದಿದಾಗ ನನಗೆ ಗೇಮ್ ಡಿಸೈನ್ ದಾಖಲೆಯೊಂದನ್ನು ಓದಿದಂತೆಯೇ ಆಯಿತು. ಮನುಸ್ಮೃತಿಯ ಆರು ದುರ್ಗಗಳಲ್ಲಿ ‘ನೃದುರ್ಗ’ ಅಂತ ಒಂದಿದೆ, ಅಂದರೆ ಮನುಷ್ಯರೇ ಕೋಟೆ. ಕಿಂಗ್‌ಡಮ್ ರಶ್‌ನ ಬ್ಯಾರಕ್ಸ್ ನೆನಪಾಗದೆ ಇರುತ್ತದೆಯೇ?

ಆದರೆ ಹಳೆಯ ಪಟ್ಟಿಯನ್ನೇ ಎತ್ತಿ ಕೋಡ್‌ಗೆ ಸುರಿದರೂ ಸಾಲದು. ಶ್ರೀರಂಗಪಟ್ಟಣ ಕಾವೇರಿ ನಡುವಿನ ಜಲದುರ್ಗ. 1799ರ ಮೇ 4ರಂದು ಬ್ರಿಟಿಷ್ ಸೇನೆ ಆ ನದಿಯನ್ನು ನಡೆದೇ ದಾಟಿತು. ಬೇಸಿಗೆ, ನೀರು ಕಡಿಮೆ ಇತ್ತು. ಮುಂಗಾರು ಇಳಿದು ಹೊಳೆ ತುಂಬಿದ್ದರೆ ಅದೇ ದಾರಿಯಲ್ಲಿ ಕಾಲಿಡಲಾಗುತ್ತಿರಲಿಲ್ಲ. ಅಂದರೆ ‘ನೀರು’ ಎಂದಷ್ಟೇ ಬರೆದರೆ ಅರ್ಧ ಬರೆದಂತೆ, ಯಾವ ತಿಂಗಳ ನೀರು ಎಂದೂ ಬರೆಯಬೇಕು. ಇನ್ನು ಮಾಗಡಿ ಹತ್ತಿರದ ಸಾವನದುರ್ಗ ಒಂದೇ ಏಟಿಗೆ ಬೆಟ್ಟವೂ ಹೌದು, ಕಾಡೂ ಹೌದು. ಒಂದು ಹಂತಕ್ಕೆ ಒಂದೇ ಹೆಸರು ಅನ್ನುವ ನಿಯಮ ಅಲ್ಲಿಗೆ ಮುಗಿಯಿತು.

ಹಾಗಾಗಿ ನಮ್ಮ ಆಟದಲ್ಲಿ ಪ್ರತಿ ಹಂತಕ್ಕೂ ಒಂದು ಹೆಸರಿನ ಬದಲು ಮೂರು ಕಲಂ ಇರಲಿ ಎಂದು ವಾದಿಸುತ್ತಿದ್ದೇನೆ: ನೆಲ, ನೀರು, ಕಾಲ. ಉತ್ತರ ಕರ್ನಾಟಕದ ಎರೆಭೂಮಿಯನ್ನೇ ತೆಗೆದುಕೊಳ್ಳಿ. ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ಅಂಟಾಗುತ್ತದೆ. ಸಿವಿಲ್ ಓದುವ ಗೆಳೆಯರಿಗೆ ಇದು ಪರೀಕ್ಷೆಯ ಪ್ರಶ್ನೆ. ಬೇಸಿಗೆಯಲ್ಲಿ ಓಡಿ ಬರುವ ರಾಕ್ಷಸರ ರಥ ಮಳೆಗಾಲದಲ್ಲಿ ಹೂತು ನಿಲ್ಲುತ್ತದೆ, ಆದರೆ ನಿಮ್ಮ ಬುರುಜಿನ ಅಡಿಪಾಯವೂ ಅಲುಗಾಡುತ್ತದೆ. ಕರಾವಳಿಯ ಅಳಿವೆಯಲ್ಲಿ ದಿನಕ್ಕೆರಡು ಸಲ ಭರತ ಬಂದು ದಾರಿಯೇ ಮುಳುಗುತ್ತದೆ. ಮಲೆನಾಡಿನ ಮಳೆಯಲ್ಲಿ ಮದ್ದುಗುಂಡು ಒದ್ದೆ. ಇವಕ್ಕೆಲ್ಲ ಹೊಸ ಚಿತ್ರಕ್ಕಿಂತ ಮೊದಲು ಬೇಕಾದದ್ದು ಹತ್ತು ಸಾಲು ಕೋಡ್.

‘ಹಿಮ ಅಂದರೆ ಜಗತ್ತಿಗೇ ಗೊತ್ತು ಮಾರಾಯ, ಎರೆಭೂಮಿ ಯಾರಿಗೆ ಗೊತ್ತು?’ ಎಂದು ತಂಡದ ಗೆಳೆಯ ಕೇಳುತ್ತಾನೆ. ಪ್ರಶ್ನೆ ಸರಿಯೇ. ಆದರೆ ಗೊತ್ತಿರುವುದನ್ನೇ ತೋರಿಸಬೇಕೆಂದಿದ್ದರೆ ಚಾವಣಿಯ ಮೇಲೆ ಬಟಾಣಿ ಗಿಡ ನೆಡುವ ಆಟ ಹುಟ್ಟುತ್ತಲೇ ಇರಲಿಲ್ಲ. ಒಮ್ಮೆ ರಥ ಹೂತುಹೋಗುವುದನ್ನು ನೋಡಿದ ಆಟಗಾರ, ಅದು ಯಾವ ದೇಶದವನೇ ಆಗಲಿ, ಆ ಮಣ್ಣನ್ನು ಮರೆಯುವುದಿಲ್ಲ.

ಇದು ಆಟದ ವಿಷಯ ಮಾತ್ರ ಅಂದುಕೊಳ್ಳಬೇಡಿ. ಪಹಣಿಯಲ್ಲಿ ಜಮೀನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡವಾಗಿರುತ್ತದೆ, ಉಳಿದದ್ದು ಖರಾಬು. ಆ ಒಂದು ಪದದ ಮೇಲೆ ನೆಲದ ಹಣೆಬರಹ ನಿಂತಿದೆ. ನಮ್ಮ ನಾಯಂಡಹಳ್ಳಿಯ ಪಕ್ಕ ಹರಿಯುವ ವೃಷಭಾವತಿ ಅರ್ಕಾವತಿಯ ಮೂಲಕ ಕಾವೇರಿ ಸೇರುವ ನದಿ. ನಾವೆಲ್ಲ ಅದನ್ನು ಕರೆಯುವುದು ಮೋರಿ ಎಂದು. ಮೋರಿ ಎಂದು ಕರೆದ ಮೇಲೆ ಅದಕ್ಕೆ ಕಸ ಸುರಿಯಲು, ಅದರ ದಡ ಒತ್ತಲು ಯಾರಿಗೂ ಸಂಕೋಚವಿಲ್ಲ. ಜೋರು ಮಳೆ ಬಂದ ದಿನ ಅದು ಮೈಸೂರು ರಸ್ತೆಗೆ ಉಕ್ಕಿದಾಗ ಮಾತ್ರ ನದಿಯ ನೆನಪು.

ಗೇಮಿಂಗ್ ಕ್ಷೇತ್ರವನ್ನು ಬೆಳೆಸಲು ನಮ್ಮ ರಾಜ್ಯ 2012ರಲ್ಲೇ ಎವಿಜಿಸಿ ನೀತಿ ತಂದಿತು, 2024ರಲ್ಲಿ ಅದರ ಹೊಸ ಆವೃತ್ತಿಯೂ ಬಂತು. ಸ್ಟುಡಿಯೊ, ತರಬೇತಿ, ಉದ್ಯೋಗ ಎಲ್ಲ ಬೇಕು. ಅದರ ಜೊತೆಗೆ ಒಂದು ಸಣ್ಣ ಕೆಲಸ ಆಗಲಿ: ಚಿತ್ರಕಲಾ ಕಾಲೇಜುಗಳ ಹುಡುಗ ಹುಡುಗಿಯರು ಎರೆಭೂಮಿ, ಅಳಿವೆ, ಶೋಲಾ ಕಾಡು, ಚಿತ್ರದುರ್ಗದ ಬಂಡೆಗಳನ್ನು ಬರೆಯಲಿ, ಎಂಜಿನಿಯರಿಂಗ್‌ನವರು ಅವುಗಳ ನಿಯಮ ಬರೆಯಲಿ, ಎಲ್ಲವೂ ಉಚಿತವಾಗಿ ಸಿಗಲಿ. ಮುಂದಿನ ಬ್ಯಾಚ್‌ನವರು ಡೌನ್‌ಲೋಡ್ ಮಾಡಿದಾಗ ಮೂರರ ಬದಲು ಮೂವತ್ತು ಫೋಲ್ಡರ್ ತೆರೆದುಕೊಳ್ಳಲಿ.

ಸದ್ಯಕ್ಕೆ ನಮ್ಮ ತಂಡದ ಜಗಳ ಕೊನೆಯ ಹಂತದ ಮೇಲೆ. ಅದು ನಾಯಂಡಹಳ್ಳಿಯದು: ಮೇಲೆ ಮೆಟ್ರೊ, ಕೆಳಗೆ ಹೆದ್ದಾರಿ, ಪಕ್ಕದಲ್ಲಿ ವೃಷಭಾವತಿ. ನೀರಿನ ಕಲಂನಲ್ಲಿ ‘ಮೋರಿ’ ಎಂದು ಬರೆದರೆ ಇವತ್ತೇ ಮುಗಿಯುತ್ತದೆ. ‘ನದಿ’ ಎಂದು ಬರೆದರೆ ಅದು ಉಕ್ಕುವ ಕೋಡ್ ಬರೆಯಲು ಇನ್ನೊಂದು ವಾರ ಬೇಕು. ನಾನು ಆ ವಾರ ಕೇಳುತ್ತಿದ್ದೇನೆ.