ರಾಶಿಯೂ ತೂಕವೂ

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಯ ಜಾತ್ರೆಯಂದು ಮಾಳಿಂಗರಾಯನ ಮತ್ತು ಆತನ ಗುರು ಬೀರಪ್ಪನ ಪಲ್ಲಕ್ಕಿಗಳು ಭೇಟಿಯಾಗುವಾಗ ಭಕ್ತರು ಭಂಡಾರ, ಉಣ್ಣೆ, ಕೊಬ್ಬರಿಗಳನ್ನು ಮೇಲಕ್ಕೆ ತೂರುತ್ತಾರೆ. ಕೊಬ್ಬರಿ ಥಟ್ಟನೆ ಬೀಳುತ್ತದೆ; ಉಣ್ಣೆ ತೇಲಾಡುತ್ತ ಇಳಿಯುತ್ತದೆ. ಇದನ್ನು ಕಂಡ ಮಗು ಭಾರವಾದುದೇ ಬೇಗ ಬೀಳುತ್ತದೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಅರಿಸ್ಟಾಟಲನೂ ಹಾಗೆಯೇ ತಿಳಿದಿದ್ದ. ಉಣ್ಣೆಯನ್ನು ತಡೆದದ್ದು ಗಾಳಿ. 1971ರಲ್ಲಿ ಅಪೋಲೊ 15ರ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಮ್ಮೆಗೇ ಕೈಬಿಟ್ಟಾಗ ಎರಡೂ ಜೊತೆಯಾಗಿ ನೆಲ ಮುಟ್ಟಿದವು.

ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗೆ ಪುಣೆಯ ಬಾಲಭಾರತಿ ಕನ್ನಡದಲ್ಲಿಯೇ ಪಠ್ಯಪುಸ್ತಕ ಒದಗಿಸುತ್ತದೆ. ಆದರೆ ಕಣ್ಣೆದುರಿನ ಜಾತ್ರೆಯನ್ನು ಬಿಟ್ಟು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದರೆ ಪುಸ್ತಕ ಯಾವ ಭಾಷೆಯಲ್ಲಿದ್ದರೇನು? ಹಾಗೆ ಕಲಿತ ಮಗು ತಡವರಿಸಿದಾಗ ಮನೆಯವರು ದೂರುವುದು ಪಾಠದ ರೀತಿಯನ್ನಲ್ಲ, ಕನ್ನಡವನ್ನು.

'ದ್ರವ್ಯರಾಶಿ' ಕಠಿಣ ಪದವೆಂಬ ಆಕ್ಷೇಪ ಹಳೆಯದು. ಜೋಳಕ್ಕೆ ಹೆಸರಾದ ಮಂಗಳವೇಢೆಯ ಸೀಮೆಯಲ್ಲಿ ಅದು ಅರ್ಧ ಮಾತ್ರ ನಿಜ. ಅಲ್ಲಿ 'ರಾಶಿ' ಯಾರಿಗೆ ತಿಳಿಯದು? ಕಣದಲ್ಲಿ ಒಕ್ಕಿ, ತೂರಿ ಮಾಡುವುದೇ ರಾಶಿ. 50 ಕಿಲೊ ಜೋಳದ ಚೀಲವನ್ನು ಚಂದ್ರನಿಗೆ ಒಯ್ದರೂ ಒಂದು ಕಾಳೂ ಕಡಿಮೆಯಾಗದು. ತಕ್ಕಡಿಯಲ್ಲಿಟ್ಟರೆ ಜೋಳವೂ ಕಲ್ಲೂ ಸಮನಾಗಿ ಹಗುರಾಗುವುದರಿಂದ ಅಲ್ಲಿಯೂ 50 ಕಿಲೊವೇ ತೂಗುತ್ತದೆ. ಸ್ಪ್ರಿಂಗಿನ ಕಾಟಾಕ್ಕೆ ನೇತುಹಾಕಿದರೆ ಮುಳ್ಳು ಎಂಟರ ಆಸುಪಾಸಿನಲ್ಲಿ ನಿಲ್ಲುತ್ತದೆ. ರಾಶಿ ಅಷ್ಟೇ ಇದೆ. ಅದನ್ನು ಸೆಳೆಯುವ ಬಲ ಆರರಲ್ಲೊಂದು ಪಾಲಾಗಿದೆ. ಆ ಸೆಳೆತವೇ ತೂಕ: ಭೂಮಿಯಲ್ಲಿ ಸುಮಾರು 490 ನ್ಯೂಟನ್, ಚಂದ್ರನಲ್ಲಿ ಸುಮಾರು 80. ಸಂತೆಯಲ್ಲಿ ತೂಕವನ್ನು ಕಿಲೊದಲ್ಲಿ ಹೇಳುವುದು ರೂಢಿ. ಅದನ್ನು ತಪ್ಪೆಂದು ಮಗುವಿನ ಮನೆಮಾತನ್ನು ತಿದ್ದಲು ಹೋಗಬೇಕಾಗಿಲ್ಲ. ಶಾಸ್ತ್ರದಲ್ಲಿ ಅದೇ ಪದಕ್ಕೆ ಬೇರೆ ಕೆಲಸವಿದೆ ಎಂದರೆ ಸಾಕು.

ಕನ್ನಡ ಐಚ್ಛಿಕದ ವಿದ್ಯಾರ್ಥಿಗೆ ಇದು ಅನ್ಯರ ವಿಷಯವೆನಿಸಬಹುದು. ಹಾಗಿದ್ದರೆ ಛಂದಸ್ಸಿನ ಪಾಠವನ್ನು ನೆನೆಯಲಿ. 'ಕಲೆ'ಯ ಕಕಾರ ಲಘು. 'ಕಲ್ಲಿ'ನ ಕಕಾರ ಮುಂದಿನ ಒತ್ತಕ್ಷರದಿಂದ ಗುರು. ಅಕ್ಷರ ಬದಲಾಗಿಲ್ಲ, ಅದರ ಭಾರ ಮಾತ್ರ ನೆರೆಯನ್ನು ಅವಲಂಬಿಸಿ ಬದಲಾಗಿದೆ. ಗುರುತ್ವಾಕರ್ಷಣೆಯ 'ಗುರು'ವೂ ಇದೇ ಭಾರದ ಗುರು. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು, ನಿಜ. ಆದರೂ ಮುಂದೆ ಗಡಿಶಾಲೆಯೊಂದರಲ್ಲಿ ಕನ್ನಡದ ಶಿಕ್ಷಕರಾಗುವವರು, ವಿಜ್ಞಾನದ ಪದವೊಂದು ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡಾಗ, ಅದು ತಮ್ಮ ಅವಧಿಯ ಪಾಠವಲ್ಲವೆಂದು ಸುಮ್ಮನಿರಲಾರರು.