ಊರು ನೋಡಲು ಜುಲೈನಲ್ಲಿ ಹೋಗಿ
ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು ಬಿಟ್ಟು ಮಲೆನಾಡಿನಲ್ಲಿ ನೆಲೆಸಬೇಕೆನ್ನುವವರು ಊರು ನೋಡಲು ಡಿಸೆಂಬರಿನಲ್ಲಿ ಹೋಗುತ್ತಾರೆ, ಹೋಗಬೇಕಾದದ್ದು ಜುಲೈನಲ್ಲಿ. ಆಗ ಬಾಡಿಗೆ ಮನೆಯ ಪಡುವಣ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿದಿದೆಯೇ ನೋಡಿ, ಹೋದ ಕರೆಂಟು ಎಷ್ಟು ದಿನಕ್ಕೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ಸಕಲೇಶಪುರಕ್ಕೆ ರೈಲೂ ಇದೆ, ಹೆದ್ದಾರಿಯೂ ಇದೆ. ಆದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನ ಆಸ್ಪತ್ರೆ ದೂರವಾಗುತ್ತದೆ. ತೀರ್ಥಹಳ್ಳಿಗೆ ರೈಲಿಲ್ಲ, ಮಣಿಪಾಲದ ಆಸ್ಪತ್ರೆಗೆ ಹೋಗಲು ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಲೆಕ್ಕವೇ ಮೊದಲು. ನನ್ನ ಒಲವು ಸಾಗರದ ಕಡೆಗೆ. ರಾತ್ರಿ ರೈಲು ಹತ್ತಿದರೆ ಬೆಳಗಿಗೆ ಬೆಂಗಳೂರು. ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ ಇದೆ, ಮಕ್ಕಳು ಒಳ್ಳೆಯ ನಾಟಕ ನೋಡುತ್ತಾ ಬೆಳೆಯಬಹುದು. ಹಳ್ಳಿಯ ಮಗ್ಗುಲಲ್ಲೇ ಇಂಥ ರಂಗಮಂದಿರ ಸಿಗುವುದು ದೊಡ್ಡ ಭಾಗ್ಯ. ಹಾಗೆಂದು ಮೊದಲ ವರ್ಷವೇ ಕಾಡಂಚಿನ ತೋಟದ ಮನೆಗೆ ಆಸೆಪಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಈ ಸೀಮೆಯನ್ನು ಇನ್ನೂ ಬಿಟ್ಟಿಲ್ಲ. ಬೇಸಿಗೆಯಲ್ಲಿ ದರಗು ತರಲು ಕಾಡಿಗೆ ಹೋಗಿಬಂದವರು ಮೈಮೇಲಿನ ಉಣುಗು ಹುಡುಕುವುದನ್ನು ಮರೆಯುವಂತಿಲ್ಲ. ಪೇಟೆಯೊಳಗೇ ಬಾಡಿಗೆಗಿದ್ದು ಒಂದು ಮಳೆಗಾಲ ಕಳೆಯಿರಿ. ಶಾಲೆಯ ವ್ಯಾನು ಎಲ್ಲಿಯವರೆಗೆ ಬರುತ್ತದೆ, ಯಾವ ಹಳ್ಳ ತುಂಬಿದರೆ ನಿಂತುಬಿಡುತ್ತದೆ ಎಂದು ತಿಳಿದುಕೊಂಡ ಮೇಲೆ ಜಾಗದ ಮಾತಾಡಿ.