ಪ್ಲೇಟ್‌ಲೆಟ್ ಒಂದೇ ರಾತ್ರಿಯಲ್ಲಿ ತಯಾರಾಗುತ್ತದೆಯೇ? ಮೂಳೆ ಮಜ್ಜೆಯೊಳಗೆ ನಡೆಯುವುದೇನು?

ಮಳೆಗಾಲದಲ್ಲಿ ಡೆಂಗ್ಯೂ ಸುದ್ದಿ ಬಂದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ: ಪಪ್ಪಾಯಿ ಎಲೆಯ ರಸ ಕುಡಿಸಿದರೆ ಬೆಳಗಾಗುವುದರೊಳಗೆ ಪ್ಲೇಟ್‌ಲೆಟ್ ಲಕ್ಷ ದಾಟುತ್ತದೆ. ಕೆಲವು ಸಂದೇಶಗಳಲ್ಲಿ ಕಿವಿ ಹಣ್ಣು, ಇನ್ನು ಕೆಲವದರಲ್ಲಿ ಮೇಕೆ ಹಾಲು. ಇದು ನಿಜವೇ ಎಂದು ನೋಡುವ ಮೊದಲು ಪ್ಲೇಟ್‌ಲೆಟ್ ಎಲ್ಲಿ, ಹೇಗೆ ತಯಾರಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂದು ತಿಳಿದುಕೊಳ್ಳೋಣ.

ಪ್ಲೇಟ್‌ಲೆಟ್ ಎಂದರೇನು?

ಪ್ಲೇಟ್‌ಲೆಟ್ ಪೂರ್ಣ ಜೀವಕೋಶವಲ್ಲ, ದೊಡ್ಡ ಕೋಶವೊಂದರ ಚೂರು. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಇದು ಬೇಕು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಒಂದೊಂದರ ಆಯಸ್ಸು 7ರಿಂದ 10 ದಿನ. ಹಾಗಾಗಿ ನಮ್ಮ ದೇಹ ಪ್ರತಿದಿನ ಸುಮಾರು 10,000 ಕೋಟಿ ಹೊಸ ಪ್ಲೇಟ್‌ಲೆಟ್‌ಗಳನ್ನು ತಯಾರಿಸುತ್ತಲೇ ಇರಬೇಕಾಗುತ್ತದೆ.

ಎರಡಾಗದೆ ದಪ್ಪವಾಗುವ ಕೋಶ

ಈ ಚೂರುಗಳ ತಾಯಿಕೋಶದ ಹೆಸರು ಮೆಗಾಕ್ಯಾರಿಯೊಸೈಟ್. ಅದು ಮುಖ್ಯವಾಗಿ ಮೂಳೆಯೊಳಗಿನ ಮಜ್ಜೆಯಲ್ಲಿರುತ್ತದೆ. ಪ್ಲೇಟ್‌ಲೆಟ್‌ಗಳು ಇದರಿಂದಲೇ ಬರುತ್ತವೆ ಎಂದು ಅಮೆರಿಕದ ವೈದ್ಯ ಜೇಮ್ಸ್ ಹೋಮರ್ ರೈಟ್ 1906ರಲ್ಲಿ ತೋರಿಸಿಕೊಟ್ಟರು.

ಸಾಮಾನ್ಯ ಕೋಶ ತನ್ನ ಡಿಎನ್‌ಎಯ ನಕಲು ಮಾಡಿಕೊಂಡು ಎರಡಾಗಿ ಒಡೆಯುತ್ತದೆ. ಮೆಗಾಕ್ಯಾರಿಯೊಸೈಟ್ ಹಾಗೆ ಮಾಡುವುದಿಲ್ಲ. ಅದು ಡಿಎನ್‌ಎ ನಕಲು ಮಾಡಿ, ವಿಭಜನೆಯನ್ನು ಶುರುಮಾಡಿ, ಅರ್ಧದಲ್ಲೇ ನಿಲ್ಲಿಸಿಬಿಡುತ್ತದೆ. ಮತ್ತೆ ನಕಲು, ಮತ್ತೆ ಅರ್ಧಕ್ಕೆ ನಿಲುಗಡೆ. ಇತರ ಕೋಶಗಳಲ್ಲಿ ಡಿಎನ್‌ಎ 2 ಪ್ರತಿ ಇದ್ದರೆ ಇದರಲ್ಲಿ 4, 8, 16, ಕೆಲವೊಮ್ಮೆ 64 ಪ್ರತಿಗಳವರೆಗೂ ಸೇರಿಕೊಳ್ಳುತ್ತವೆ. ಕೋಶ ಮಾತ್ರ ಒಂದೇ. ಕೆಂಪು ರಕ್ತಕಣದ ಅಗಲ 7–8 ಮೈಕ್ರೋಮೀಟರ್ ಆದರೆ ಇದು 50ರಿಂದ 100 ಮೈಕ್ರೋಮೀಟರ್‌ವರೆಗೆ ಬೆಳೆಯುತ್ತದೆ.

ಇಷ್ಟು ದಪ್ಪವಾಗುವುದಕ್ಕೆ ಕಾರಣವಿದೆ. ಸಾವಿರಾರು ಪ್ಲೇಟ್‌ಲೆಟ್‌ಗಳಿಗೆ ಬೇಕಾದ ಪ್ರೋಟೀನ್ ಮತ್ತು ಹೊರಪೊರೆಯನ್ನು ಈ ಒಂದೇ ಕೋಶ ಒದಗಿಸಬೇಕು. ಬಲಿತ ಮೇಲೆ ಅದು ಪಕ್ಕದ ರಕ್ತನಾಳದೊಳಕ್ಕೆ ಉದ್ದನೆಯ ಎಳೆಗಳನ್ನು ಚಾಚುತ್ತದೆ. ರಕ್ತದ ಹರಿವಿಗೆ ಆ ಎಳೆಗಳು ತುಂಡಾಗಿ ಪ್ಲೇಟ್‌ಲೆಟ್‌ಗಳಾಗುತ್ತವೆ. ಹೀಗೆ ಬಲಿತು ಪ್ಲೇಟ್‌ಲೆಟ್ ಬಿಡುಗಡೆ ಮಾಡಲು ಸುಮಾರು ಐದು ದಿನ ಬೇಕು.

ಈ ಕೆಲಸಕ್ಕೆ ಆಜ್ಞೆ ಕೊಡುವುದು ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನ್. ಇದನ್ನು ಹೆಚ್ಚಾಗಿ ತಯಾರಿಸುವುದು ಯಕೃತ್ತು. ಪ್ಲೇಟ್‌ಲೆಟ್‌ಗಳು ಈ ಹಾರ್ಮೋನನ್ನು ಹೀರಿಕೊಳ್ಳುತ್ತವೆ. ಅವು ಕಡಿಮೆಯಾದರೆ ಹಾರ್ಮೋನ್ ರಕ್ತದಲ್ಲಿ ಹೆಚ್ಚು ಉಳಿದು ಮಜ್ಜೆಯನ್ನು ತಲುಪುತ್ತದೆ, ಉತ್ಪಾದನೆ ಏರುತ್ತದೆ.

ಹಾಗಾದರೆ ರಸ ಕುಡಿದ ಮರುದಿನ ಸಂಖ್ಯೆ ಏರಿದ್ದು ಹೇಗೆ?

ಡೆಂಗ್ಯೂ ವೈರಸ್ ಮಜ್ಜೆಯ ಕೆಲಸವನ್ನು ಸ್ವಲ್ಪ ಕಾಲ ಕುಗ್ಗಿಸುತ್ತದೆ. ಜೊತೆಗೆ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳೂ ನಾಶವಾಗುತ್ತವೆ. ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ ಸಂಖ್ಯೆ ತೀರಾ ಕೆಳಗಿರುತ್ತದೆ. ಮನೆಯವರು ಗಾಬರಿಯಾಗಿ ಎಲೆ ಹುಡುಕುವುದೂ ಆಗಲೇ. ಅಷ್ಟರಲ್ಲಿ ಮಜ್ಜೆ ಚೇತರಿಸಿಕೊಂಡು ಕೆಲಸ ಶುರುಮಾಡಿರುತ್ತದೆ. ಹೆಚ್ಚಿನವರಲ್ಲಿ ಸಂಖ್ಯೆ ತಾನಾಗಿಯೇ ಏರುತ್ತದೆ. ರಸ ಕುಡಿದವರಲ್ಲೂ ಏರುತ್ತದೆ, ಕುಡಿಯದವರಲ್ಲೂ ಏರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ.

ಪಪ್ಪಾಯಿ ಎಲೆಯ ಬಗ್ಗೆ ಅಧ್ಯಯನಗಳೇ ನಡೆದಿಲ್ಲ ಎಂದಲ್ಲ. ಕೆಲವು ಸಣ್ಣ ಅಧ್ಯಯನಗಳಲ್ಲಿ ಸಂಖ್ಯೆ ತುಸು ಬೇಗ ಏರಿದ್ದು ಕಂಡಿದೆ. ಆದರೆ ಅದರಿಂದ ರಕ್ತಸ್ರಾವ ಅಥವಾ ಸಾವು ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ.

ಸಂಖ್ಯೆಯೊಂದನ್ನೇ ನೋಡಬೇಡಿ

ಡೆಂಗ್ಯೂನಲ್ಲಿ ದೊಡ್ಡ ಅಪಾಯ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು. ಪ್ಲೇಟ್‌ಲೆಟ್ ಏರಿಸಿದರೆ ಆ ಸೋರಿಕೆ ನಿಲ್ಲುವುದಿಲ್ಲ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕಡಿಮೆಯಿದ್ದು ಹೆಚ್ಚಿನ ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಟ್ಟರೂ ರಕ್ತಸ್ರಾವ ತಡೆಯುವಲ್ಲಿ ಪ್ರಯೋಜನ ಕಾಣಲಿಲ್ಲ. ಬದಲಿಗೆ ಅಡ್ಡಪರಿಣಾಮಗಳು ಹೆಚ್ಚಾದವು.

ಜ್ವರ ಬಿಟ್ಟಿತೆಂದು ನಿರಾಳವಾಗಬೇಡಿ. ಮುಂದಿನ 24ರಿಂದ 48 ಗಂಟೆಗಳೇ ನಾಜೂಕಿನ ಸಮಯ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಕಪ್ಪು ಮಲ, ಉಸಿರಾಟದ ತೊಂದರೆ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳದೆ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ಕೊಡಬೇಡಿ.

ಗುಂಪಿನಲ್ಲಿ ಏನಾದರೂ ಹಂಚಬೇಕು ಅನ್ನಿಸಿದರೆ ಎಲೆ ರಸದ ಸಂದೇಶದ ಬದಲು ಈ ಲಕ್ಷಣಗಳ ಪಟ್ಟಿಯನ್ನೇ ಹಂಚಿ.